ಅಂತರಜಾಲದ ವಿಶ್ವಕೋಶವೂ ಅಬಲೂರಿನ ಶಾಸನವೂ

ಪ್ರೌಢಶಾಲೆಯ ಮಕ್ಕಳಿಗೆ 'ನಿಮ್ಮ ಸೀಮೆಯ ಚರಿತ್ರೆಯನ್ನು ಬರೆದು ತನ್ನಿರಿ' ಎಂದು ಹೇಳಿದರೆ, ಹಾನಗಲ್ಲಾಗಲಿ ಹಿರೇಕೆರೂರಾಗಲಿ, ಅವರು ಈಗ ಮೊದಲು ತೆರೆಯುವುದು ಅಂತರಜಾಲದ ವಿಶ್ವಕೋಶವನ್ನು. ಕನ್ನಡ ವಿಕಿಪೀಡಿಯ ಪ್ರಾರಂಭವಾದುದು 2003ರಲ್ಲಿ. ಶಿವರಾಮ ಕಾರಂತರ 'ಬಾಲ ಪ್ರಪಂಚ'ಕ್ಕೆ ಹೊಣೆ ಹೊತ್ತವರು ಕಾರಂತರು. ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶಕ್ಕೆ ವಿದ್ವಾಂಸರ ಬಳಗವೇ ಇತ್ತು. ಇದರಲ್ಲಾದರೋ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಆದಕಾರಣ ಇದು ತ್ಯಾಜ್ಯವೆಂದು ಕೆಲವು ಉಪಾಧ್ಯಾಯರು ವಾದಿಸುವುದುಂಟು. ಆ ಮಾತು ನನಗೆ ಒಪ್ಪಿಗೆಯಿಲ್ಲ. ಬರೆದವನ ಹೆಸರಿಗಿಂತ ಬರೆಹವು ಯಾವುದರ ಮೇಲೆ ನಿಂತಿದೆಯೆಂಬುದು ಮುಖ್ಯ. ಪುಟದ ಕೊನೆಯ ಉಲ್ಲೇಖಗಳನ್ನೂ, ಯಾರು ಎಂದು ಏನನ್ನು ತಿದ್ದಿದರೆಂದು ತೋರಿಸುವ 'ಇತಿಹಾಸ'ವನ್ನೂ ನೋಡಿದವನಿಗೆ ಅರ್ಧ ಕೆಲಸ ಆದಂತೆಯೇ. ಅಚ್ಚಿನ ಪುಸ್ತಕದಲ್ಲಿ ಈ ಅನುಕೂಲವೆಲ್ಲಿ?

ಶಿಗ್ಗಾಂವಿ ತಾಲೂಕಿನ ಶಿಶುವಿನಾಳದ ಷರೀಫ ಸಾಹೇಬರ ಸಂಗತಿಯನ್ನು ನೋಡಿರಿ. ಹುಟ್ಟಿದ್ದು 1819, ತೀರಿಕೊಂಡದ್ದು 1889. ಇದು ಸಾಮಾನ್ಯವಾಗಿ ಎಲ್ಲರೂ ಹೇಳುವ ಲೆಕ್ಕ. ಜನ್ಮದಿನ ಮಾತ್ರ ಒಂದು ಕಡೆ ಮಾರ್ಚ್ 7, ಇನ್ನೊಂದು ಕಡೆ ಜುಲೈ 3. ಅಂಕಿಗಳಲ್ಲಿ ಬರೆದರೆ 7-3 ಮತ್ತು 3-7! ನಮ್ಮಲ್ಲಿ ದಿನ ಮೊದಲು, ಅಮೇರಿಕದವರಲ್ಲಿ ತಿಂಗಳು ಮೊದಲು. ಯಾರೋ ಅಂಕಿಯನ್ನು ತಿರುವಿ ಓದಿರಬೇಕೆಂದು ನನ್ನ ಊಹೆ. ಅದನ್ನು ಹತ್ತು ಕಡೆ ನಕಲು ಮಾಡಿದ ಮಾತ್ರಕ್ಕೆ ಹತ್ತು ಸಾಕ್ಷಿಗಳು ದೊರೆತಂತಾಗಲಿಲ್ಲ.

ಸವಣೂರಿನ 'ದೊಡ್ಡಹುಣಸೆ' ಮರಗಳಿಗೆ ಸಾವಿರಾರು ವರ್ಷಗಳ ಆಯುಸ್ಸನ್ನು ಕಟ್ಟುವವರಿದ್ದಾರೆ. ಅವು ಹುಣಸೆಯ ಜಾತಿಯವಲ್ಲ, ಆಫ್ರಿಕ ಮೂಲದ ಬಾವೊಬಾಬ್ ಮರಗಳು. ವಯಸ್ಸು ಹೇಳಿದವರನ್ನು, ಅಳೆದವರಾರು ಎಂದು ಕೇಳಬೇಕು. ಹಾನಗಲ್ಲು ವಿರಾಟನಗರವೆಂಬ ಮಾತೂ ಇಂಥದೇ. ಶಾಸನಗಳಲ್ಲಿ ಪಾನುಂಗಲ್ಲಿಗೆ ವಿರಾಟಕೋಟೆಯೆಂಬ ಹೆಸರಿರುವುದು ನಿಜ. ಇದರಿಂದ ಆ ಶಾಸನಗಳ ಕಾಲದ ಜನರ ನಂಬಿಕೆ ಸಿದ್ಧವಾಗುತ್ತದೆಯೇ ಹೊರತು ಪಾಂಡವರ ಅಜ್ಞಾತವಾಸವಲ್ಲ.

ಹಾಗಾದರೆ ಕಲ್ಲಿನ ಮೇಲೆ ಬರೆದುದೆಲ್ಲ ಪ್ರಮಾಣವೇ? ಹಿರೇಕೆರೂರು ತಾಲೂಕಿನ ಅಬಲೂರಿಗೆ ಹೋಗೋಣ. ಅಲ್ಲಿಯ ಸೋಮೇಶ್ವರ ಗುಡಿಯ ಶಾಸನವನ್ನು ಫ್ಲೀಟ್ ಸಾಹೇಬರು 'ಎಪಿಗ್ರಾಫಿಯ ಇಂಡಿಕಾ'ದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಾಲ ಸುಮಾರು ಕ್ರಿ.ಶ. 1200. ಏಕಾಂತದ ರಾಮಯ್ಯನು ಜೈನರೊಡನೆ ಪಣತೊಟ್ಟು ಶಿವನಿಗೆ ಶಿರಸ್ಸನ್ನು ಅರ್ಪಿಸಿ, ಏಳು ದಿನಗಳ ತರುವಾಯ ಅದನ್ನು ಮರಳಿ ಪಡೆದನೆಂದೂ, ಬಿಜ್ಜಳನು ಅವನಿಗೆ ಜಯಪತ್ರವನ್ನು ಕೊಟ್ಟನೆಂದೂ ಅದರಲ್ಲಿದೆ. 'ಶಾಸನಾಧಾರವಿದೆ' ಎಂದು ಒಬ್ಬ ವಿದ್ಯಾರ್ಥಿ ಇದನ್ನೆಲ್ಲ ನಡೆದ ಸಂಗತಿಯೆಂದು ಬರೆದಾನು. ಇನ್ನೊಬ್ಬನು 'ಕಟ್ಟುಕಥೆ' ಎಂದು ಹೊಡೆದುಹಾಕಿಯಾನು. ಇಬ್ಬರೂ ಶಾಸನವನ್ನು ಓದಿದವರಲ್ಲ. ಅದನ್ನು ಬರೆಯಿಸಿದವರು ಗೆದ್ದ ಪಕ್ಷದವರು. ಸೋತವರ ಮಾತು ಅದರಲ್ಲಿಲ್ಲ. ಆದರೂ ಆ ಊರಿನಲ್ಲಿ ಶೈವರಿಗೂ ಜೈನರಿಗೂ ಕಲಹವಿತ್ತೆಂಬುದನ್ನು, ಹಾನಗಲ್ಲಿನ ಕದಂಬ ಕಾಮದೇವನು ಆ ದೇವಾಲಯಕ್ಕೆ ಗ್ರಾಮವೊಂದನ್ನು ದತ್ತಿ ಬಿಟ್ಟನೆಂಬುದನ್ನು ಅಲ್ಲಗಳೆಯಲು ಕಾರಣವಿಲ್ಲ. ದತ್ತಿಯ ಭಾಗಕ್ಕೆ ಒಂದು ತೂಕ, ಪವಾಡದ ಭಾಗಕ್ಕೆ ಬೇರೊಂದು ತೂಕ. ಎರಡೂ ಒಂದೇ ಕಲ್ಲಿನ ಮೇಲಿವೆ.

ಇಂದಿಗೂ ಎರಡು ಮತದವರಿಗೆ ಸಂಬಂಧಿಸಿದ ಪ್ರಸಂಗವಿದು. ವಿಶ್ವಕೋಶದಲ್ಲಿ ಇದನ್ನು ಓದುವ ಹುಡುಗನು 'ಎಂದು ಶಾಸನ ಹೇಳುತ್ತದೆ' ಎಂಬ ಮಾತು ಅಲ್ಲಿ ಉಳಿದಿದೆಯೋ ಬಿದ್ದುಹೋಗಿದೆಯೋ ಎಂದು ನೋಡಲಿ. ಹಿರೇಕೆರೂರಿನವನಿಗೆ ಅಬಲೂರೇನು ದೂರವಲ್ಲ. ರಾಮಯ್ಯನ ಕಥೆಯನ್ನು ಕಂಡರಿಸಿದ ಶಿಲ್ಪಗಳೂ ಅವುಗಳ ಕಿರುಬರೆಹಗಳೂ ಆ ಗುಡಿಯಲ್ಲೇ ಇವೆ.