ಎರಡು ಬೈಟಿನ ಬಾವುಟ

ಈ ಸಲ ಸ್ವಲ್ಪ ಹಳೆಯ ಕತೆ. ಅಮೆರಿಕದ್ದು. ಕೋರ್ಟು, ಕಚೇರಿ, ಲೈಬ್ರರಿ ಎಲ್ಲಾ ಬರುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು ಕೆಲಸಕ್ಕೆ ಸೇರಿದ ಮೊದಲೆರಡು ವರ್ಷ ಸೆಟ್ ಟಾಪ್ ಬಾಕ್ಸಿನ ಒಳಗೆ ಕೂರುವ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಡಿಜಿಟಲ್ ಟಿವಿ ಸಿಗ್ನಲ್ ಜೊತೆ ಚಿತ್ರ, ಧ್ವನಿ ಮಾತ್ರ ಅಲ್ಲ, ಸಣ್ಣ ಸಣ್ಣ ಚೀಟಿಗಳೂ ಬರುತ್ತವೆ. ಈ ಚಾನೆಲ್ಲಿನ ಹೆಸರು ಇದು, ಈ ಧ್ವನಿ ಇಂಥ ಭಾಷೆಯದ್ದು, ಹೀಗೆ. ಕಸುಬಿನವರು ಇವನ್ನು ಡಿಸ್ಕ್ರಿಪ್ಟರ್ ಅನ್ನುತ್ತಾರೆ. ಅಮೆರಿಕದ ಸ್ಟಾಂಡರ್ಡ್ ಓದುತ್ತಿದ್ದಾಗ ಇಂಥದ್ದೇ ಒಂದು ಚೀಟಿ ಕಣ್ಣಿಗೆ ಬಿತ್ತು. ಅದರ ಅರ್ಥ ಇಷ್ಟೇ: "ಈ ಕಾರ್ಯಕ್ರಮವನ್ನು ಇಂಟರ್ನೆಟ್ಟಿನಲ್ಲಿ ಮನಬಂದಂತೆ ಹಂಚುವಂತಿಲ್ಲ". ಕನಿಷ್ಠ ಗಾತ್ರ ಎರಡೇ ಬೈಟು. ಇದಕ್ಕೆ ಜನ ಇಟ್ಟ ಹೆಸರು ಬ್ರಾಡ್‌ಕಾಸ್ಟ್ ಫ್ಲಾಗ್, ಅಂದರೆ ಪ್ರಸಾರದ ಬಾವುಟ. ಈ ಎರಡು ಬೈಟಿಗಾಗಿ ವರ್ಷಗಟ್ಟಲೆ ಜಗಳ ಆಗಿದೆ ಅಂತ ಆಮೇಲೆ ಗೊತ್ತಾಯಿತು.

ತಮಾಷೆ ಏನು ಗೊತ್ತಾ? ಬಾವುಟ ಇದ್ದರೂ ಸಿಗ್ನಲ್ಲಿಗೆ ಬೀಗ ಇರಲಿಲ್ಲ. ಆಂಟೆನಾ ಇದ್ದವರೆಲ್ಲ ನೋಡಬಹುದು. ನಮ್ಮೂರಿನ ಗೋಡೆಗಳ ಮೇಲೆ "ಇಲ್ಲಿ ಮೂತ್ರ ಮಾಡಬಾರದು" ಅಂತ ಬರೆದಿರ್ತಾರಲ್ಲ, ಹಾಗೆ. ಬರಹ ತಾನಾಗಿ ಯಾರನ್ನೂ ತಡೆಯಲ್ಲ. ತಡೀಬೇಕು ಅಂದ್ರೆ ಪಕ್ಕದಲ್ಲಿ ವಾಚ್‌ಮನ್ ನಿಲ್ಲಿಸಬೇಕು. ಸಿನಿಮಾ ಕಂಪನಿಗಳು ಕೇಳಿದ್ದು ಆ ವಾಚ್‌ಮನ್ನನ್ನೇ. ಡಿಜಿಟಲ್ ಟಿವಿ ಸಿಗ್ನಲ್ ಹಿಡಿಯುವ ಪ್ರತಿಯೊಂದು ಯಂತ್ರವೂ ಬಾವುಟಕ್ಕೆ ತಲೆಬಾಗಲೇಬೇಕು ಅಂತ ಸರಕಾರ ನಿಯಮ ಮಾಡಲಿ, ಅಂತ.

ಇದಕ್ಕೂ ಹಿಂದಿನ ಕತೆ ಒಂದಿದೆ, ಬೇಗ ಹೇಳಿಬಿಡ್ತೀನಿ. 1976ರಲ್ಲಿ ಯೂನಿವರ್ಸಲ್ ಮತ್ತು ಡಿಸ್ನಿ ಸೇರಿ ಸೋನಿಯ ಬೀಟಾಮ್ಯಾಕ್ಸ್ ವಿಡಿಯೋ ರೆಕಾರ್ಡರ್ ಮೇಲೆ ಕೇಸು ಹಾಕಿದವು. ಜನ ಮನೆಯಲ್ಲಿ ಕೂತು ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡೋದು ಕಾಪಿರೈಟ್ ಉಲ್ಲಂಘನೆ ಅಂತ. 1982ರಲ್ಲಿ ಸಿನಿಮಾ ಕಂಪನಿಗಳ ಸಂಘದ ಮುಖ್ಯಸ್ಥ ಜಾಕ್ ವಲೆಂಟಿ ಕಾಂಗ್ರೆಸ್ ಸಮಿತಿಯ ಮುಂದೆ ವಿಸಿಆರನ್ನು ಒಂಟಿ ಹೆಂಗಸರ ಕತ್ತು ಹಿಸುಕುವ ಕೊಲೆಗಾರನಿಗೆ ಹೋಲಿಸಿದ್ದ! ಆದರೆ 1984ರ ಜನವರಿ 17ರಂದು ಸುಪ್ರೀಂ ಕೋರ್ಟು 5-4ರ ಅಂತರದಲ್ಲಿ ಸೋನಿ ಪರ ತೀರ್ಪು ಕೊಟ್ಟಿತು. ರೆಕಾರ್ಡ್ ಮಾಡಿ ಆಮೇಲೆ ನೋಡುವುದು ತಪ್ಪಲ್ಲ, ನ್ಯಾಯವಾದ ಉಪಯೋಗಗಳು ಸಾಕಷ್ಟಿರುವ ಯಂತ್ರವನ್ನು ಮಾರಬಹುದು ಅಂತ. ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಫ್ರೆಡ್ ರೋಜರ್ಸ್ "ನನ್ನ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳಲಿ ಬಿಡಿ" ಎನ್ನುವ ಅರ್ಥದಲ್ಲಿ ಸಾಕ್ಷಿ ಹೇಳಿದ್ದು ಆ ತೀರ್ಪಿನಲ್ಲೂ ಉಲ್ಲೇಖವಾಗಿದೆ. ಒಂದೇ ಒಂದು ಮತ ಆ ಕಡೆ ಹೋಗಿದ್ದರೆ? ನಮ್ಮ ಸೋದರಮಾವ ದೂರದರ್ಶನದ ಭಾನುವಾರದ ಸಿನಿಮಾಗಳನ್ನು ಜಾಹೀರಾತಿನ ಸಮೇತ ಟೇಪಿಗೆ ಇಳಿಸಿಟ್ಟಿದ್ದಾರೆ, ಅವರನ್ನು ಕೇಳಿ ನೋಡಬೇಕು :-)

ಮತ್ತೆ ಬಾವುಟಕ್ಕೆ ಬರೋಣ. 2000ದ ಆಸುಪಾಸಿನಲ್ಲಿ ಅಮೆರಿಕ ಅನಲಾಗ್ ಟಿವಿಯಿಂದ ಡಿಜಿಟಲ್ ಟಿವಿಗೆ ಹೋಗುತ್ತಿತ್ತು. ಅಲ್ಲಿನ ಎಫ್‌ಸಿಸಿ (ನಮ್ಮ ಟ್ರಾಯ್ ಇದ್ದ ಹಾಗೆ, ಆದರೆ ಅಧಿಕಾರ ಜಾಸ್ತಿ) ಇದು ಬೇಗ ಆಗಲಿ ಅಂತ ತುದಿಗಾಲಲ್ಲಿ ನಿಂತಿತ್ತು. ಸ್ಟುಡಿಯೋಗಳಿಗೆ ಅಷ್ಟು ಸಾಕಾಯಿತು. ಕಾವಲು ಇಲ್ಲದಿದ್ದರೆ ಒಳ್ಳೆಯ ಕಾರ್ಯಕ್ರಮಗಳನ್ನು ಡಿಜಿಟಲ್ಲಿಗೆ ಕೊಡಲ್ಲ ಅಂದವು. 2003ರ ನವೆಂಬರಿನಲ್ಲಿ ಎಫ್‌ಸಿಸಿ ನಿಯಮ ಹೊರಡಿಸಿತು. 2005ರ ಜುಲೈ 1ರಿಂದ ಬಾವುಟ ಪಾಲಿಸದ ಯಂತ್ರ ತಯಾರಿಸುವಂತಿಲ್ಲ. ಹೈ ಕ್ವಾಲಿಟಿ ರೆಕಾರ್ಡಿಂಗ್ ಮಾಡಬೇಕಾದರೆ ಎಫ್‌ಸಿಸಿ ಒಪ್ಪಿದ ತಂತ್ರಜ್ಞಾನವನ್ನೇ ಬಳಸಬೇಕು. 2004ರ ಆಗಸ್ಟಿನಲ್ಲಿ ಅಂಥ 13 ತಂತ್ರಜ್ಞಾನಗಳಿಗೆ ಮುದ್ರೆ ಒತ್ತಿದ್ದೂ ಆಯಿತು.

ಇಂಜಿನಿಯರುಗಳಿಗೆ ನಿಜವಾದ ಏಟು ಬೀಳುವುದು ಇದರ ಇನ್ನೊಂದು ಷರತ್ತಿನಲ್ಲಿ. ಮನೆಯಲ್ಲಿರುವವರು ಯಂತ್ರವನ್ನು ಸುಲಭವಾಗಿ ಮಾರ್ಪಡಿಸಲು ಆಗಬಾರದು. ಅಂದರೆ ಸೋರ್ಸ್ ಕೋಡ್ ತೆರೆದಿಟ್ಟ ಸಾಫ್ಟ್‌ವೇರ್‌ಗೆ ಜಾಗವೇ ಇಲ್ಲ! ಯಾರು ಬೇಕಾದರೂ ತಿದ್ದಬಹುದು ಅನ್ನೋದೇ ಅಲ್ವಾ ಅದರ ಗುಣ. ಲಿನಕ್ಸ್ ಕಂಪ್ಯೂಟರಿನಲ್ಲಿ ಮಿಥ್‌ಟಿವಿ ಹಾಕಿಕೊಂಡು ತಮ್ಮ ರೆಕಾರ್ಡರನ್ನು ತಾವೇ ಕಟ್ಟಿಕೊಳ್ಳುತ್ತಿದ್ದ ಹವ್ಯಾಸಿಗಳು, ರೇಡಿಯೋವನ್ನೇ ಸಾಫ್ಟ್‌ವೇರಿನಲ್ಲಿ ಬರೆಯುತ್ತಿದ್ದ ಗ್ನೂ ರೇಡಿಯೋದವರು, ಎಲ್ಲರೂ ಒಂದೇ ಏಟಿಗೆ ಹೊರಗೆ. "ಜುಲೈ ಬರುವುದರೊಳಗೆ ಟ್ಯೂನರ್ ಕಾರ್ಡ್ ಕೊಂಡಿಟ್ಟುಕೊಳ್ಳಿ" ಅಂತ ಇಎಫ್‌ಎಫ್ ಸಂಸ್ಥೆ ಪ್ರಚಾರವನ್ನೇ ಶುರು ಮಾಡಿತ್ತು. ಕಳ್ಳತನ ಮಾಡುವವನಿಗೆ ಇದರಿಂದ ದೊಡ್ಡ ತೊಂದರೆ ಏನಿಲ್ಲ, ಅವನಿಗೆ ಹಳೆಯ ಒಂದು ಕಾರ್ಡ್ ಸಾಕು. ಸಿಕ್ಕಿಬೀಳುವವರು ಯಂತ್ರ ಬಿಚ್ಚಿ ನೋಡುವ ಕುತೂಹಲ ಇರುವವರು.

ಕೋರ್ಟಿಗೆ ಹೋದವರು ಒಂಬತ್ತು ಸಂಸ್ಥೆಗಳು. ಅದರಲ್ಲಿ ಐದು ಲೈಬ್ರರಿ ಸಂಘಗಳು, ಎರಡು ಗ್ರಾಹಕ ಸಂಸ್ಥೆಗಳು, ಇಎಫ್‌ಎಫ್, ಮತ್ತೆ 2001ರಲ್ಲಷ್ಟೇ ಹುಟ್ಟಿದ್ದ, ಗಿಗಿ ಸೋನ್ ನಡೆಸುತ್ತಿದ್ದ ಪಬ್ಲಿಕ್ ನಾಲೆಜ್ ಎಂಬ ಪುಟ್ಟ ಸಂಸ್ಥೆ. ಮುಂದೆ ನಿಂತಿದ್ದು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್. ಟಿವಿ ಕೇಸಿಗೂ ಲೈಬ್ರರಿಗೂ ಏನು ಸಂಬಂಧ ಅಂತ ನನಗೂ ಮೊದಲು ಅನ್ನಿಸಿತ್ತು.

ಇವರ ವಾದ ಬಹಳ ಸರಳ. ಕಾಪಿರೈಟ್, ಸ್ವಾತಂತ್ರ್ಯ ಅಂತ ದೊಡ್ಡ ಭಾಷಣ ಮಾಡುವ ಬದಲು "ಸ್ವಾಮಿ, ಈ ನಿಯಮ ಮಾಡೋಕೆ ನಿಮಗೆ ಅಧಿಕಾರ ಕೊಟ್ಟವರ್ಯಾರು?" ಅಂತ ಎಫ್‌ಸಿಸಿಯನ್ನು ಕೇಳಿದರು. 2005ರ ಫೆಬ್ರವರಿ 22ರ ವಿಚಾರಣೆಯಲ್ಲಿ ನ್ಯಾಯಾಧೀಶ ಹ್ಯಾರಿ ಎಡ್ವರ್ಡ್ಸ್ ಎಫ್‌ಸಿಸಿ ವಕೀಲರಿಗೆ, ಹೀಗೆ ಹೋದರೆ ಮುಂದೆ ವಾಷಿಂಗ್ ಮೆಷಿನ್ನಾ ಅಂತ ಕೇಳಿಬಿಟ್ಟರು.

ಗೆದ್ದೇಬಿಟ್ಟರು ಅನ್ನುವಾಗ ಒಂದು ತೊಡಕು ಬಂತು. ಈ ನಿಯಮದಿಂದ ನಿಮಗೆ ಆಗುವ ನಷ್ಟ ಏನು? ಅಲ್ಲಿನ ಕೋರ್ಟಿನಲ್ಲಿ ನನಗೆ ಇಂಥ ಪೆಟ್ಟು ಬೀಳುತ್ತೆ ಅಂತ ತೋರಿಸದಿದ್ದರೆ ಕೇಸೇ ನಿಲ್ಲಲ್ಲ. ಸಾರ್ವಜನಿಕ ಹಿತ ಅಂದರೆ ಸಾಲದು. ಮಾರ್ಚಿ 15ರಂದು ಕೋರ್ಟು ತೀರ್ಪನ್ನು ತಡೆದು, ಪ್ರಮಾಣಪತ್ರ ತನ್ನಿ ಅಂತ ಕೇಳಿತು. ಆಗ ಕೈ ಹಿಡಿದದ್ದು ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಲೈಬ್ರರಿ. ಟಿವಿಯಲ್ಲಿ ಬಂದ ಕಾರ್ಯಕ್ರಮಗಳ ತುಣುಕುಗಳನ್ನು ದೂರಶಿಕ್ಷಣದ ವಿದ್ಯಾರ್ಥಿಗಳಿಗೆ ಇಂಟರ್ನೆಟ್ ಮೂಲಕ ಒದಗಿಸಲು ಅಲ್ಲಿನವರು ಮೇಷ್ಟ್ರುಗಳಿಗೆ ನೆರವಾಗುತ್ತಿದ್ದರು. ಪಾಠಕ್ಕೆ ಇಷ್ಟು ಮಾಡಲು ಕಾನೂನಿನ ಅನುಮತಿ ಇತ್ತು. ಬಾವುಟ ಬಂದರೆ ಅದು ನಿಲ್ಲುತ್ತಿತ್ತು. ಇಷ್ಟು ಸಾಕು ಅಂದಿತು ಕೋರ್ಟು. ದೇಶದ ಕೋಟಿಗಟ್ಟಲೆ ಟಿವಿಗಳ ಹಣೆಬರಹ ಒಂದು ಕಾಲೇಜು ಲೈಬ್ರರಿಯ ದಿನನಿತ್ಯದ ಕೆಲಸದ ಮೇಲೆ ನಿಂತಿತ್ತು! ಈ ಇಡೀ ಕತೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

2005ರ ಮೇ 6ರಂದು ತೀರ್ಪು ಬಂತು. ಮೂವರು ನ್ಯಾಯಾಧೀಶರೂ ಒಂದೇ ಮಾತು. 1934ರ ಕಾಯಿದೆ ಎಫ್‌ಸಿಸಿಗೆ ಕೊಟ್ಟಿರುವುದು ಪ್ರಸಾರದ ಮೇಲಿನ ಅಧಿಕಾರ. ಸಿಗ್ನಲ್ ಮನೆಗೆ ಬಂದು ತಲುಪಿದ ಮೇಲೆ ಯಂತ್ರ ಏನು ಮಾಡಬೇಕು ಅಂತ ಹೇಳುವ ಅಧಿಕಾರ ಅದಕ್ಕಿಲ್ಲ. ಟಿವಿ ಸೆಟ್ಟುಗಳು ಯುಹೆಚ್‌ಎಫ್ ಚಾನೆಲ್ ಹಿಡಿಯಲೇಬೇಕು ಅನ್ನುವಂಥ ಸಣ್ಣ ನಿಯಮಕ್ಕೂ 1962ರಲ್ಲಿ ಕಾಂಗ್ರೆಸ್ ಬೇರೆ ಕಾಯಿದೆಯನ್ನೇ ಮಾಡಬೇಕಾಗಿತ್ತು. ಜುಲೈ 1ಕ್ಕೆ ಇನ್ನೂ ಎರಡು ತಿಂಗಳೂ ಇರಲಿಲ್ಲ.

ಸ್ಟುಡಿಯೋಗಳು ಸುಮ್ಮನೆ ಕೂರಲಿಲ್ಲ. ಕಾಂಗ್ರೆಸ್ ಬಾಗಿಲು ತಟ್ಟಿದವು, 2006ರಲ್ಲಿ ಸೆನೆಟರ್ ಟೆಡ್ ಸ್ಟೀವನ್ಸ್ ತಂದ ದೊಡ್ಡ ಟೆಲಿಕಾಂ ಮಸೂದೆಯೊಳಗೆ ಬಾವುಟವನ್ನೂ ಸೇರಿಸಲಾಯಿತು, ಆ ಮಸೂದೆಯೇ ಬಿದ್ದುಹೋಯಿತು. ಒಳ್ಳೆಯ ಕಾರ್ಯಕ್ರಮ ಕೊಡಲ್ಲ ಅಂದಿದ್ದರಲ್ಲ, ಬಾವುಟ ಇಲ್ಲದೆಯೂ ಕೊಟ್ಟರು. 2009ರ ಜೂನ್ 12ರಂದು ದೊಡ್ಡ ಸ್ಟೇಷನ್ನುಗಳ ಅನಲಾಗ್ ಪ್ರಸಾರ ನಿಂತಿತು, ಆಕಾಶವೇನೂ ಕಳಚಿ ಬೀಳಲಿಲ್ಲ. ಸತ್ತು ಆರು ವರ್ಷವಾದರೂ ನಿಯಮ ಪುಸ್ತಕದಲ್ಲಿ ಹಾಗೇ ಉಳಿದಿತ್ತು, 2011ರಲ್ಲಿ ಎಫ್‌ಸಿಸಿ ಹಳೇ ಸಾಮಾನಿನ ಜೊತೆ ಅದನ್ನೂ ಹೊರಗೆ ಹಾಕಿತು.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ. ಬಾವುಟಕ್ಕೆ ಸರಕಾರದ ನಿಯಮ ಬೇಕಾಗಿದ್ದೇ ಸಿಗ್ನಲ್ಲಿಗೆ ಬೀಗ ಇಲ್ಲದ್ದರಿಂದ. ಬೀಗ ಹಾಕಿಬಿಟ್ಟರೆ? ಬೀಗ ಮುರಿಯುವುದು ಅಪರಾಧ ಅಂತ ಅಲ್ಲಿ 1998ರಿಂದಲೇ ಕಾನೂನಿದೆ. (ನಮ್ಮಲ್ಲಿ 2012ರಲ್ಲಿ ಸೇರಿಸಿದ 65ಎ ಕಲಂ ಸ್ವಲ್ಪ ಮೃದು. ಕಾಪಿರೈಟ್ ಮುರಿಯುವ ಉದ್ದೇಶದಿಂದ ಬೀಗ ಮುರಿದರೆ ಮಾತ್ರ ಶಿಕ್ಷೆ. ಈ ವ್ಯತ್ಯಾಸ ದೊಡ್ಡದು, ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.) ಅಮೆರಿಕದ ಹೊಸ ಟಿವಿ ಸ್ಟಾಂಡರ್ಡ್ ಎಟಿಎಸ್‌ಸಿ 3.0ದಲ್ಲಿ ಎನ್‌ಕ್ರಿಪ್ಶನ್ನಿಗೆ ಅವಕಾಶ ಇದೆ, ಅನೇಕ ಸ್ಟೇಷನ್ನುಗಳು ಅದನ್ನು ಬಳಸುತ್ತಿವೆ. ಮನೆಯ ಮೇಲಿನ ಆಂಟೆನಾದಿಂದ ಪುಕ್ಕಟೆ ಬರುವ ಚಾನೆಲ್ಲನ್ನು ರೆಕಾರ್ಡ್ ಮಾಡಿಕೊಳ್ಳಲು ಕೆಲವರು ಕೊಂಡಿದ್ದ ಟ್ಯೂನರ್ ಪೆಟ್ಟಿಗೆಗಳಲ್ಲಿ ಆ ಚಾನೆಲ್ಲುಗಳು ಬರುವುದಿಲ್ಲ. ಇದಕ್ಕೆ ಎಫ್‌ಸಿಸಿ ಯಾವ ನಿಯಮವನ್ನೂ ಮಾಡಬೇಕಾಗಿ ಬರಲಿಲ್ಲ, ಹಾಗಾಗಿ ನಿಮಗೆ ಅಧಿಕಾರ ಕೊಟ್ಟವರ್ಯಾರು ಅಂತ ಕೇಳೋಣ ಅಂದರೆ ಆ ಕಡೆ ಯಾರೂ ನಿಂತಿಲ್ಲ. ಈ ಸಲ ಟ್ಯೂನರ್ ಇಟ್ಟುಕೊಂಡವರೇ ಎಫ್‌ಸಿಸಿಗೆ ದೂರು ಬರೆದಿದ್ದಾರೆ. 2025ರ ಅಕ್ಟೋಬರಿನಲ್ಲಿ ಎಫ್‌ಸಿಸಿ ಹೊಸ ಸ್ಟಾಂಡರ್ಡಿನ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ ಅದರಲ್ಲಿ ಈ ಬೀಗದ ಬಗ್ಗೆಯೂ ಪ್ರಶ್ನೆಗಳಿದ್ದವು.