ಕೊಳೆರೋಗ ಮತ್ತು ಗಣಕವಿಜ್ಞಾನದ ಕಪಾಟು: ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿ ಆಕರ ಶೋಧನೆಯ ಒಂದು ವಿವೇಚನೆ

ಗಣಕವಿಜ್ಞಾನದಲ್ಲಿ ಸಂಶೋಧನೆಗೆ ಹೊರಟವರಿಗೆ ಆಕರಗಳೇ ಸಿಗುವುದಿಲ್ಲ ಎಂಬ ದೂರಿಗೆ ಈಗ ಹೆಚ್ಚಿನ ಆಧಾರವಿಲ್ಲ. ಇರುವ ಆಕರ ಯಾವ ಹೆಸರಿನಲ್ಲಿ, ಯಾವ ಸಂಖ್ಯೆಯಡಿ ಕೂತಿದೆ ಎಂಬುದೇ ನಿಜವಾದ ತೊಡಕು. ಈ ಶಾಸ್ತ್ರ ಬೆಳೆದ ವೇಗಕ್ಕೆ ವರ್ಗೀಕರಣ ಪದ್ಧತಿ ಹೊಂದಿಕೊಳ್ಳುವಷ್ಟರಲ್ಲಿ ಪುಸ್ತಕಗಳು ಚದುರಿಹೋಗಿದ್ದವು. ಹುಡುಕುವವರಿಗೆ ಶಾಸ್ತ್ರದ ಚರಿತ್ರೆಯೂ ಕೊಂಚ ತಿಳಿದಿರಬೇಕು ಎಂಬುದು ಈ ಲೇಖನದ ವಾದ. ಅದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ಪರೀಕ್ಷಿಸಬಹುದು. ಯಲ್ಲಾಪುರ ತಾಲೂಕಿನ ವಜ್ರಳ್ಳಿ ಕಡೆಯ ತೋಟಿಗರ ಮನೆಯ ವಿದ್ಯಾರ್ಥಿನಿಯೊಬ್ಬಳು, ಫೋಟೋದಿಂದಲೇ ಅಡಿಕೆಯ ಕೊಳೆರೋಗ ಗುರುತಿಸುವ ತಂತ್ರಾಂಶ ರೂಪಿಸಲು ಹೊರಟಿದ್ದಾಳೆ ಎನ್ನಿ. ಉತ್ತರ ಕನ್ನಡದ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿರುವುದರಿಂದ ಅವಳು ಮೊದಲು ಬಸ್ಸು ಹಿಡಿಯುವುದು ಅಲ್ಲಿಗೇ.

ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜೋಡಿಸಿದ ಯಾವುದೇ ಗ್ರಂಥಾಲಯದಲ್ಲಿ ಅವಳಿಗೆ ಎದುರಾಗುವ ಸ್ಥಿತಿ ಇದು. 1979ರ 19ನೆಯ ಆವೃತ್ತಿಯವರೆಗೂ ಗಣಕಕ್ಕೆ ಸ್ವಂತ ವಿಭಾಗವಿರಲಿಲ್ಲ. ದತ್ತಾಂಶ ಸಂಸ್ಕರಣೆ ಎಂಬ ಹೆಸರಿನಲ್ಲಿ ಅದು 001.6ರಲ್ಲಿ, ಜ್ಞಾನವೆಂಬ ವಿಶಾಲ ವಿಭಾಗದ ಒಂದು ಮೂಲೆಯಲ್ಲಿತ್ತು. 1985ರಲ್ಲಿ 004, 005, 006 ಎಂಬ ಮೂರು ಸಂಖ್ಯೆಗಳನ್ನು ಇದಕ್ಕೆಂದೇ ಬಿಡಿಸಿಕೊಟ್ಟರು. 1989ರ 20ನೆಯ ಆವೃತ್ತಿ ಅವನ್ನು ಒಳಗೆ ಸೇರಿಸಿಕೊಂಡಿತು. ಯಂತ್ರರಚನೆಯ ಪುಸ್ತಕಗಳು ಮಾತ್ರ ಎಂಜಿನಿಯರಿಂಗಿನ 621.39ರಲ್ಲೇ ಉಳಿದವು. ಪುಸ್ತಕದ ಬೆನ್ನಿಗೆ ಒಮ್ಮೆ ಅಂಟಿಸಿದ ಚೀಟಿಯನ್ನು ಕಿತ್ತು ಹೊಸದನ್ನು ಅಂಟಿಸುವಷ್ಟು ಪುರುಸೊತ್ತು ಯಾವ ಗ್ರಂಥಾಲಯದ ಸಿಬ್ಬಂದಿಗೂ ಇರುವುದಿಲ್ಲ. ಆದ್ದರಿಂದ ಹಳೆಯದು ಹಳೆಯ ಸಂಖ್ಯೆಯಲ್ಲೇ ಉಳಿದಿರುವ ಸಂಭವ ಹೆಚ್ಚು.

ನಮ್ಮ ವಿದ್ಯಾರ್ಥಿನಿಗೆ ಬೇಕಾದದ್ದು ಇನ್ನೂ ಚದುರಿದೆ. ಗಣಕದೃಷ್ಟಿ 006.37ರಲ್ಲಿ, ಯಂತ್ರಕಲಿಕೆ 006.31ರಲ್ಲಿ, ಸಸ್ಯರೋಗಗಳು 632ರಲ್ಲಿ. ಬಿಂಬ ಸಂಸ್ಕರಣೆಗೆ ಎಲ್ಲರೂ ಓದುವ ಗೊನ್ಜಾಲೆಜ್ ಮತ್ತು ವುಡ್ಸ್ ಅವರ ಪಠ್ಯ ಸಾಮಾನ್ಯವಾಗಿ 621.367ರಲ್ಲಿ, ದೃಗ್ವಿಜ್ಞಾನದ ಎಂಜಿನಿಯರಿಂಗ್ ಪಕ್ಕದಲ್ಲಿ. 006ರ ಸಾಲನ್ನು ಮಾತ್ರ ಜಾಲಾಡಿ ಬರಿಗೈಯಲ್ಲಿ ಹಿಂತಿರುಗುವವರು ಸೋಮಾರಿಗಳೇನಲ್ಲ. ಅವರಿಗೆ ನಕ್ಷೆ ಕೊಟ್ಟವರಿಲ್ಲ, ಅಷ್ಟೆ. ಓದುಗರ ಸಮಯ ಉಳಿಸಬೇಕೆಂದು 1931ರಲ್ಲೇ ಸೂತ್ರ ಬರೆದ ಎಸ್. ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ತರಬೇತಿ ಕೇಂದ್ರ ಕಟ್ಟಿದರು. ಬೆಳೆ, ರೋಗ, ವಿಧಾನ ಎಂಬ ಮುಖಗಳನ್ನು ಬೇಕಾದಂತೆ ಕೂಡಿಸುವುದಕ್ಕೆ ಅವರ ಕೋಲನ್ ಪದ್ಧತಿಯಲ್ಲಿ ಅವಕಾಶವಿತ್ತು. ಆದರೂ ಕಪಾಟಿನ ಮಟ್ಟಿಗೆ ನಾವು ಡ್ಯೂಯಿಯ ಕಡೆ ವಾಲಿದೆವು.

ಪುಸ್ತಕದಿಂದ ಲೇಖನಕ್ಕೆ ಬಂದರೆ ಇನ್ನೊಂದು ಎಡವಟ್ಟು. ಬೇರೆ ವಿಜ್ಞಾನಗಳಲ್ಲಿ ನಿಯತಕಾಲಿಕಕ್ಕೇ ಮೊದಲ ಮಣೆ. ಗಣಕವಿಜ್ಞಾನದಲ್ಲಿ ಹೊಸತು ಮೊದಲು ಪ್ರಕಟವಾಗುವುದು ಬಹುಪಾಲು ಸಮ್ಮೇಳನಗಳ ನಡಾವಳಿಯಲ್ಲಿ. ಗ್ರಂಥಾಲಯದ ನಿಯತಕಾಲಿಕಗಳ ಪಟ್ಟಿ ನೋಡಿ ಇಲ್ಲವೆಂದು ತೀರ್ಮಾನಿಸುವ ಬದಲು ಜರ್ಮನಿಯ ಟ್ರಿಯರ್‌ನಲ್ಲಿ 1993ರಲ್ಲಿ ಆರಂಭವಾದ ಡಿಬಿಎಲ್‌ಪಿ ಸೂಚಿಯಲ್ಲಿ ಲೇಖಕರ ಹೆಸರು ಹಾಕುವುದು ಲೇಸು.

ಹುಡುಕುಪದದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲಿಷ್ ಲೇಖನಗಳಲ್ಲಿ ಅಡಿಕೆ ಒಮ್ಮೆ ಅರೆಕಾನಟ್ ಎಂದು ಒಂದೇ ಪದ, ಒಮ್ಮೆ ಅರೆಕಾ ನಟ್ ಎಂದು ಎರಡು, ಮತ್ತೊಮ್ಮೆ ಬೀಟಲ್ ನಟ್, ಸಸ್ಯಶಾಸ್ತ್ರಜ್ಞರಲ್ಲಿ ಅರೆಕಾ ಕ್ಯಾಟೆಚು. ರೋಗ ಮಹಾಳಿಯಾಗಬಹುದು, ಫ್ರೂಟ್ ರಾಟ್ ಆಗಬಹುದು, ಫೈಟಾಫ್ತೊರಾ ಆಗಬಹುದು. ಕೊಳೆರೋಗ ಎಂಬ ನಮ್ಮ ಮಾತೂ ಅಲ್ಲಿ ಸಲ್ಲುತ್ತದೆ: ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ತಮ್ಮ ವರದಿಯಲ್ಲಿ ರೋಗವನ್ನು ಈ ಹೆಸರಿನಿಂದಲೇ ಕರೆದಿದ್ದಾರೆ. ಇಷ್ಟೂ ರೂಪಗಳನ್ನು 'ಅಥವಾ'ದಿಂದ ಪೋಣಿಸಿ ಹುಡುಕದಿದ್ದರೆ, ಸಿಕ್ಕ ಫಲಿತಾಂಶ ಕಡಿಮೆಯೆಂಬ ಕಾರಣಕ್ಕೆ ಕೆಲಸವೇ ನಡೆದಿಲ್ಲವೆಂದು ಬರೆದುಬಿಡುವ ಅಪಾಯವಿದೆ. ರೋಗದ ಪಾಲಿನ ಸಾಹಿತ್ಯ ಗಣಕದ ಭಂಡಾರಗಳಲ್ಲಿ ಸಿಗುವುದಿಲ್ಲ. ಅದಕ್ಕೆ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು ವಿಟ್ಲದಲ್ಲಿರುವ ಅದರ ಕೇಂದ್ರದ ಪ್ರಕಟಣೆಗಳೇ ಗತಿ.

ದತ್ತಾಂಶವೂ ಆಕರವೇ. ಗ್ರಂಥಾಲಯಗಳು ಇದನ್ನಿನ್ನೂ ಪೂರ್ತಿ ಒಪ್ಪಿಕೊಂಡಂತಿಲ್ಲ. ಚಿತ್ರದಿಂದ ಸಸ್ಯರೋಗ ಗುರುತಿಸುವ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುವ ಮೊಹಾಂತಿ, ಹ್ಯೂಸ್, ಸಲಾತೆ ಅವರ 2016ರ ಲೇಖನ ಪ್ಲಾಂಟ್‌ವಿಲೇಜ್ ಎಂಬ ಸಂಗ್ರಹದ 54,306 ಎಲೆಚಿತ್ರಗಳ ಮೇಲೆ ನಿಂತಿದೆ. ಅದೇ ಸಂಗ್ರಹದೊಳಗೆ ನಿಖರತೆ ಶೇ. 99.35, ಬೇರೆ ಪರಿಸರದಲ್ಲಿ ತೆಗೆದ ಚಿತ್ರಗಳಲ್ಲಿ ಶೇ. 31ರ ಆಸುಪಾಸಿಗೆ ಕುಸಿಯಿತು. ಸಾರಾಂಶವನ್ನಷ್ಟೇ ಓದಿದವರು ಮೊದಲ ಅಂಕಿ ಹಿಡಿದುಕೊಂಡು ಹೋಗುತ್ತಾರೆ. ಅಲ್ಲಿರುವ 14 ಬೆಳೆಗಳಲ್ಲಿ ಅಡಿಕೆ ಇಲ್ಲ. ಇದ್ದಿದ್ದರೂ ಮಳೆಗಾಲಕ್ಕೆ ಮುಂಚೆ ಅಡಿಕೆಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುವ ನಮ್ಮ ತೋಟಗಳಲ್ಲಿ ಕಾಯಿಯ ಚಿತ್ರ ತೆಗೆಯುವುದೇ ಬೇರೆ ಸಮಸ್ಯೆ. ಮರದ ಬುಡದಿಂದ ಕ್ಯಾಮೆರಾಕ್ಕೆ ಕಾಣುವುದು ಹೊದಿಕೆ ಮಾತ್ರ.

ಮಹಾಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಇದೆ; ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಯುಜಿಸಿಯ 2009ರ ನಿಯಮ ಕಡ್ಡಾಯ ಮಾಡಿತು. ಅಧ್ಯಾಯಗಳು ಬಿಡಿಬಿಡಿ ಕಡತಗಳಾಗಿರುವುದು ನಿಧಾನ ನೆಟ್‌ವರ್ಕಿನ ಊರಿಗೆ ಅನುಕೂಲ: ಪೂರ್ವಾಧ್ಯಯನದ ಅಧ್ಯಾಯವನ್ನಷ್ಟೇ ಇಳಿಸಿಕೊಂಡು, ಅದರ ಉಲ್ಲೇಖಗಳಿಂದ ಹಿಂದಕ್ಕೆ ಸಾಗಬಹುದು. ಕನ್ನಡ ಪ್ರಬಂಧಗಳ ವಿಷಯದಲ್ಲಿ ಎಚ್ಚರ ಬೇಕು. ಸ್ಕ್ಯಾನ್ ಮಾಡಿದ ಪುಟಗಳೂ ಯೂನಿಕೋಡ್‌ಗೆ ಮುಂಚಿನ ಫಾಂಟುಗಳ ಕಡತಗಳೂ ಪಠ್ಯಹುಡುಕಾಟಕ್ಕೆ ಸಿಕ್ಕುವುದಿಲ್ಲ. ಶೀರ್ಷಿಕೆ, ಮಾರ್ಗದರ್ಶಕರ ಹೆಸರುಗಳಿಂದಲೇ ಹೋಗಬೇಕು.

ಕೊನೆಗೆ ಉಳಿಯುವುದು ಪ್ರವೇಶದ ಪ್ರಶ್ನೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಮೂರು ವರ್ಷಕ್ಕೆ ₹6,000 ಕೋಟಿ ವೆಚ್ಚದಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆಯಿತು. ಕಾಲೇಜುಗಳಿಗೆಂದು 2010ರಲ್ಲಿ ಬಂದ ಎನ್-ಲಿಸ್ಟ್ ಎಂಬ ವಿದ್ಯುನ್ಮಾನ ಆಕರಗಳ ಯೋಜನೆಯಲ್ಲಿ ಓದುಗರಿಗೇ ಲಾಗಿನ್ ಇದ್ದು ಮನೆಯಿಂದಲೂ ಓದಬಹುದು. ಕ್ಯಾಂಪಸ್ಸಿನ ಹೊರಗಿಂದ ಓದಲು ಇನ್‌ಫೆಡ್ ಎಂಬ ವ್ಯವಸ್ಥೆಯೂ ಇದೆ. ಹಾಗಾಗಿ ವಜ್ರಳ್ಳಿಯಿಂದ ಧಾರವಾಡಕ್ಕೆ ಹೋದ ದಿನ ಮೊದಲು ಮಾಡಬೇಕಾದ ಕೆಲಸ ಪುಸ್ತಕ ಎರವಲು ತರುವುದಲ್ಲ, ದೂರಪ್ರವೇಶದ ಖಾತೆಯ ಬಗ್ಗೆ ಗ್ರಂಥಪಾಲಕರನ್ನು ವಿಚಾರಿಸುವುದು. ಯಾವ ಸಂಸ್ಥೆಗೂ ಸೇರದವರಿಗೂ ದಾರಿಯಿದೆ: 1991ರಿಂದ ನಡೆಯುತ್ತಿರುವ ಆರ್ಕೈವ್ (arXiv) ಎಂಬ ಲೇಖನ ಭಂಡಾರ ಮುಕ್ತವಾಗಿದೆ, ಗಣಕವಿಜ್ಞಾನಿಗಳ ಎಸಿಎಂ ಸಂಸ್ಥೆ 1951ರಿಂದ 2000ದವರೆಗಿನ ತನ್ನ ಪ್ರಕಟಣೆಗಳನ್ನು 2022ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದೆ.