ನಕಲು ಮಾಡುವ ಹಕ್ಕು

ದೊಡ್ಡಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂಟ್ವಾಳದ ಮನೆಯ ಕಪಾಟು ಖಾಲಿ ಮಾಡುವಾಗ ಒಂದು ಸಿಡಿ ಸಿಕ್ಕಿತು. ಅದರ ಮೇಲೆ ಅವರದೇ ಕೈಬರಹ: ‘ಅರ್ಥಗಾರಿಕೆಯ ಟಿಪ್ಪಣಿಗಳು, 2004’. ದೊಡ್ಡಪ್ಪ ಹಗಲು ಶಾಲೆಯ ಮೇಷ್ಟ್ರು, ರಾತ್ರಿ ತಾಳಮದ್ದಳೆಯ ಅರ್ಥಧಾರಿ. ಕರ್ಣ ಅವರ ಇಷ್ಟದ ಪಾತ್ರ. ನಿವೃತ್ತರಾದ ಮೇಲೆ ತಮ್ಮ ಹಳೆಯ ಟಿಪ್ಪಣಿ ಪುಸ್ತಕಗಳನ್ನೆಲ್ಲ ಬಿ.ಸಿ. ರೋಡಿನ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಅಚ್ಚು ಹಾಕಿಸುವ ಆಸೆ ಕೈಗೂಡಲಿಲ್ಲ. ಟಿಪ್ಪಣಿ ಪುಸ್ತಕಗಳನ್ನು ಗೆದ್ದಲು ತಿಂದಿತು. ಉಳಿದದ್ದು ಈ ಸಿಡಿ, ಜೊತೆಗೆ ತಿದ್ದಲೆಂದು ತೆಗೆಸಿದ್ದ ನಲವತ್ತು ಪುಟಗಳ ಒಂದು ಪ್ರಿಂಟು.

ಕಡತ ತೆರೆಯಿತು. ಆದರೆ ಪರದೆಯಲ್ಲಿ ಕನ್ನಡವಿರಲಿಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು ಹೊತ್ತ ಸ್ವರಗಳು, ಪೌಂಡಿನ ಚಿಹ್ನೆ, ಚುಕ್ಕಿಗಳು ಪುಟಗಟ್ಟಲೆ ತುಂಬಿಕೊಂಡಿದ್ದವು. ದೊಡ್ಡಪ್ಪನ ಕರ್ಣ ಅದರೊಳಗೆಲ್ಲೋ ಇದ್ದ, ನನಗೆ ಕಾಣುತ್ತಿರಲಿಲ್ಲ.

ಆಗ ನೆನಪಾದದ್ದು ಒಂದು ಹಳೆಯ ಜಗಳ. 2003ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ 71ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಕಮಲಾ ಹಂಪನಾ ಅಧ್ಯಕ್ಷರು. ನಾನಾಗ ಕಾಲೇಜು ವಿದ್ಯಾರ್ಥಿ. ಜೊತೆಗೆ ಇಬ್ಬರಿದ್ದರು: ಬೆಳ್ತಂಗಡಿಯ ಸಹಪಾಠಿಯೊಬ್ಬ, ಬಿ.ಸಿ. ರೋಡಿನಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದ ಅಣ್ಣನೊಬ್ಬ. ಪುಸ್ತಕ ಮಳಿಗೆ ಸುತ್ತಿ, ಚಾ ಕುಡಿಯುತ್ತ ಕೂತಾಗ ಮಾತು ಕನ್ನಡ ತಂತ್ರಾಂಶಗಳತ್ತ ಹೊರಳಿತು. ಸಹಪಾಠಿ ಲಿನಕ್ಸ್ ಹುಚ್ಚಿನವ. ಹಳೆಯ ಕಂಪ್ಯೂಟರಿನ ಬಿಡಿಭಾಗಗಳನ್ನು ತಾನೇ ಬಿಚ್ಚಿ ಜೋಡಿಸುತ್ತಿದ್ದ. ‘ಸೋರ್ಸ್ ಕೋಡ್ ಕೊಡದೆ ಹಂಚುವ ತಂತ್ರಾಂಶ ನಮ್ಮದಲ್ಲ’ ಎಂದು ಅವನು. ‘ಧರ್ಮಕ್ಕೆ ಸಿಗುವಾಗ ಅದರ ಹೊಟ್ಟೆ ಬಗೆದು ನೋಡುವುದು ಎಂತಕ್ಕೆ ಮಾರಾಯಾ? ಅಕ್ಷರ ಮೂಡಿದರೆ ಸಾಲದಾ?’ ಎಂದು ಅಣ್ಣ. ಸಿದ್ದಕಟ್ಟೆಯ ಮೇಲಾಗಿ ಹೋಗುವ ಬಂಟ್ವಾಳದ ಬಸ್ಸು ಬರುವವರೆಗೂ ಜಗಳ ಮುಗಿಯಲಿಲ್ಲ. ನಾನು ಅಂದು ಅಣ್ಣನ ಪಕ್ಷ. ಉಚಿತ ಮತ್ತು ಮುಕ್ತ ಎರಡೂ ಒಂದೇ ಎಂದುಕೊಂಡಿದ್ದೆ.

ಅಣ್ಣನ ಮಾತಿಗೆ ಕಾರಣವಿತ್ತು. ಅಲ್ಲಿಯವರೆಗೆ ಕನ್ನಡಕ್ಕೆ ಸಿಕ್ಕಿದ ದೊಡ್ಡ ಉಪಕಾರಗಳೆಲ್ಲ ಉಚಿತವಾಗಿಯೇ ಬಂದಿದ್ದವು. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಗುರುಪುರ ಕೈಕಂಬ ಸಿಗುತ್ತದಲ್ಲ, ಅದರ ಪಕ್ಕದ ಕಿನ್ನಿಕಂಬಳದವರು ಕೆ.ಪಿ. ರಾವ್. ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಬಹುದೆಂದು ತೋರಿಸಿದವರು ಅವರು. ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ಕನ್ನಡದ ಕಾಗುಣಿತ ಬಲ್ಲವರು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ವಿನ್ಯಾಸ. ತಮ್ಮ ತಂತ್ರಾಂಶಕ್ಕೆ ಅವರು ನಮ್ಮ ಜಿಲ್ಲೆಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟು ಹಾಗೆಯೇ ಹಂಚಿದರು. ಸರಕಾರ ಒಪ್ಪಿದ ಕೀಲಿಮಣೆಯ ವಿನ್ಯಾಸಕ್ಕೂ ಅವರ ವಿನ್ಯಾಸವೇ ತಳಹದಿ.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಹೊರದೇಶದ ಕನ್ನಡಿಗರ ಮನೆಗಳಿಂದ ಹಿಡಿದು ನಮ್ಮ ಸಣ್ಣ ಪೇಟೆಗಳ ಅಂಗಡಿಗಳವರೆಗೆ ಅದು ಹರಡಿತು. ಆಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯನ್ನು ಸರಕಾರ ಉಚಿತವಾಗಿ ಹಂಚಿತು. ಕಚೇರಿಗಳಲ್ಲಿ ಕನ್ನಡ ಮೂಡಿದ್ದು ಬಹುಮಟ್ಟಿಗೆ ಅದರಿಂದ.

ಆದರೆ ಈ ಅಕ್ಷರಗಳ ಒಳಗುಟ್ಟು ಬೇರೆಯೇ ಇತ್ತು. ಆ ಕಾಲದ ತಂತ್ರಾಂಶಗಳಲ್ಲಿ ಹೆಚ್ಚಿನವು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ‘ಕ’ ಎಂದು ನೀವು ಓದಿದ್ದು ಯಂತ್ರದ ಲೆಕ್ಕದಲ್ಲಿ ಇಂಗ್ಲಿಷಿನ ‘ಪಿ’ ಮತ್ತು ಅದರ ಪಕ್ಕ ಗೀಟು ಹೊತ್ತ ‘ಎ’. ಫಾಂಟ್ ಎಂಬ ಮುಖವಾಡ ಇರುವವರೆಗೆ ಅದು ಕನ್ನಡ. ಕಳಚಿದರೆ ಏನೂ ಅಲ್ಲ. ಯಾವ ತುಂಡು ಯಾವ ಜಾಗದಲ್ಲಿ ಎಂಬ ಪಟ್ಟಿ ಒಂದೊಂದು ಕಂಪನಿಗೆ ಒಂದೊಂದು. ಕನ್ನಡಕ್ಕೆ ತನ್ನದೇ ಜಾಗ ಕೊಟ್ಟ ಯುನಿಕೋಡ್ 1991ರಲ್ಲೇ ಹುಟ್ಟಿದ್ದರೂ, ವಿಂಡೋಸ್‌ನಲ್ಲಿ ಅದು ಸರಿಯಾಗಿ ಕಾಣತೊಡಗಿದ್ದು 2001ರ ಎಕ್ಸ್‌ಪಿ ಬಂದ ಮೇಲೆ. ಕರ್ನಾಟಕ ಸರಕಾರ ಯುನಿಕೋಡನ್ನು ಶಿಷ್ಟತೆಯೆಂದು ಅಧಿಕೃತವಾಗಿ ಒಪ್ಪಿದ್ದು 2012ರಲ್ಲಿ. ನಡುವಿನ ವರ್ಷಗಳ ಕನ್ನಡ ಬಹುಮಟ್ಟಿಗೆ ಮುಖವಾಡದ ಕನ್ನಡ. ದೊಡ್ಡಪ್ಪನ ಸಿಡಿ ಆ ವರ್ಷಗಳದ್ದು.

ಇದೇ ಕಾಲದಲ್ಲಿ ಇನ್ನೊಂದು ಜಗಳವೂ ಎದ್ದಿತು. ನುಡಿಯ ಅಕ್ಷರಗಳು ಬರಹದ ನಕಲು ಎಂದು ಬರಹದ ಕರ್ತೃ ಆರೋಪಿಸಿದರು. ಪರ ವಿರೋಧ ವಾದಗಳು ಬಹುಕಾಲ ನಡೆದವು. ಎರಡೂ ಉಚಿತವೇ, ಆದರೂ ‘ಕಳವು’ ಎಂಬ ಮಾತು ಬಂತು. ಏಕೆ? ಉಚಿತವಾಗಿ ಬಳಸಿ ಎಂದವರು, ತೆಗೆದುಕೊಂಡು ಬದಲಿಸಿ ಹಂಚಿ ಎಂದಿರಲಿಲ್ಲ. ಮುಂದೆ ಬರಹ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ವರ್ಷಗಟ್ಟಲೆ ದುಡಿದವರಿಗೆ ಅದು ನ್ಯಾಯವಾದ ಹಕ್ಕೇ. ನಾವು ಬಳಕೆದಾರರು ಮಾತ್ರ ಕೊಟ್ಟವರ ಮರ್ಜಿಯನ್ನು ನಮ್ಮ ಹಕ್ಕು ಎಂದು ತಪ್ಪಾಗಿ ತಿಳಿದಿದ್ದೆವು.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ಕಂಪ್ಯೂಟರ್ ಪುಸ್ತಕದಿಂದಲ್ಲ, ಮೂಡುಬಿದಿರೆಯ ಬಸದಿಯಿಂದ.

ಅಲ್ಲಿನ ಗುರು ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿಗಳು ಉಳಿದದ್ದು ಅಲ್ಲಿಯ ಭಂಡಾರದಲ್ಲಿ. ಟೀಕೆ ಮುಗಿದದ್ದು ಕ್ರಿ.ಶ. 816ರಲ್ಲಿ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳೆಯ ಕನ್ನಡ. ದಿಗಂಬರ ಜೈನರ ಈ ಮೂಲ ಗ್ರಂಥ ಬೇರೆಡೆ ಎಲ್ಲೂ ಉಳಿದಿರಲಿಲ್ಲ. ಯಾತ್ರಿಕರಿಗೆ ಅದರ ದರ್ಶನ ಸಿಗುತ್ತಿತ್ತು, ಓದು ಸಿಗುತ್ತಿರಲಿಲ್ಲ. ಆರತಿ ಎತ್ತಿ ಕೈಮುಗಿದು ಹೋಗುತ್ತಿದ್ದರು.

19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಮುಂಬಯಿ, ಸೊಲ್ಲಾಪುರದ ಜೈನ ಶ್ರೀಮಂತರು ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಪ್ರತಿ ಮಾಡಿಸಲು ಮುಂದಾದರು. ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಶಾಸ್ತ್ರಿ ಎಂಬ ವಿದ್ವಾಂಸರು ಕೂತು ಬರೆದರು. ಪ್ರತಿ ಕೂಡ ಮೂಡುಬಿದಿರೆ ಬಿಟ್ಟು ಹೋಗಬಾರದೆಂಬುದು ಕಟ್ಟಳೆ. ಆದರೆ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನಪುರ ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಲಿಪಿಕಾರರೂ ಗುಟ್ಟಾಗಿ ಒಂದು ಪ್ರತಿ ಉಳಿಸಿಕೊಂಡರು. ಹೀಗೆ ಗ್ರಂಥ ಹೊರಗೆ ಹರಡಿತು. 1939ರಲ್ಲಿ ಹೀರಾಲಾಲ್ ಜೈನ್ ಸಂಪಾದಿಸಿದ ಮೊದಲ ಸಂಪುಟ ಅಚ್ಚಾಯಿತು. ಒಟ್ಟು 16 ಸಂಪುಟಗಳು ಬಂದವು. ನಕಲಿನ ನಕಲಿನಲ್ಲಿ ತಪ್ಪುಗಳು ನುಸುಳಿದ್ದವು. ಆಗ ಮೂಡುಬಿದಿರೆಯವರೇ ಮನಸ್ಸು ಬದಲಿಸಿ, ಮೂಲ ಗರಿಗಳೊಂದಿಗೆ ಪಾಠ ಹೋಲಿಸಿ ನೋಡಲು ಅವಕಾಶ ಕೊಟ್ಟರು.

ಇಲ್ಲಿ ಯಾರು ಸರಿ? ಬೀಗ ಹಾಕಿಟ್ಟವರನ್ನು ಬಯ್ಯುವುದು ಸುಲಭ. ಆದರೆ ಶತಮಾನಗಳ ಕಾಲ ನಮ್ಮ ಕರಾವಳಿಯ ಮಳೆ, ಗೆದ್ದಲುಗಳಿಂದ ಆ ಗರಿಗಳನ್ನು ಕಾಪಾಡಿದವರೂ ಅವರೇ. ಗುಟ್ಟಾಗಿ ನಕಲು ಮಾಡಿದವರು ಗ್ರಂಥವನ್ನು ಲೋಕಕ್ಕೆ ಕೊಟ್ಟರು. ಆದರೆ ಕೊಟ್ಟ ಮಾತು ಮುರಿದರು. ಒಳ್ಳೆಯ ಕೆಲಸ ಮಾಡಲು ಒಬ್ಬ ವಿದ್ವಾಂಸ ಕಳ್ಳನಂತೆ ರಾತ್ರಿ ಬರೆಯಬೇಕಾಗಿ ಬಂದದ್ದೇ ಇದರೊಳಗಿನ ದುಃಖ.

ಮುಕ್ತ ತಂತ್ರಾಂಶದ ಪರವಾನಗಿ ಈ ದುಃಖಕ್ಕೆ ಮದ್ದು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಸಾರಿದರು. 1989ರಲ್ಲಿ ಅದರ ಜಿಪಿಎಲ್ ಪರವಾನಗಿ ಬಂತು. ಅದರ ತಿರುಳು ಇಷ್ಟು: ಬಳಸು, ಒಳಗೆ ನೋಡು, ತಿದ್ದು, ಹಂಚು, ಹಂಚುವಾಗ ಪಡೆದವರಿಗೂ ಇದೇ ಹಕ್ಕು ಕೊಡು. ದರದ ಮಾತೇ ಅಲ್ಲಿಲ್ಲ. ಹಣಕ್ಕೆ ಮಾರಲೂಬಹುದು. ನಕಲು ಮಾಡುವವನು ಮಾತು ಮುರಿಯಬೇಕಾಗಿಲ್ಲ ಎಂಬುದು ಮುಖ್ಯ.

ಕನ್ನಡಕ್ಕೆ ಇದು ಹೊಸತೂ ಅಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳಲ್ಲ, ಅದನ್ನು ಶಾಸ್ತ್ರದಾನ ಎಂದರು. ದಾನ ಪಡೆದವರು ಮತ್ತೆ ಪ್ರತಿ ಮಾಡಬಹುದಿತ್ತು. ಗರಿಯ ಆಯುಸ್ಸು ಮುಗಿಯುವ ಮೊದಲು ಯಾರೋ ಒಬ್ಬರು ಅದನ್ನು ಇನ್ನೊಂದು ಗರಿಗೆ ಇಳಿಸಿದ್ದರಿಂದಲೇ ಹಳಗನ್ನಡ ನಮ್ಮವರೆಗೆ ಬಂದಿದೆ.

ಪರವಾನಗಿಯೊಂದೇ ಎಲ್ಲವನ್ನೂ ಉಳಿಸುವುದಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಸಹಪಾಠಿ ಆ ದಿನಗಳಲ್ಲಿ ಸಿಂಪ್ಯೂಟರಿನ ಕಟ್ಟಾ ಅಭಿಮಾನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ 2001ರಲ್ಲಿ ತೋರಿಸಿದ ಅಂಗೈಯಗಲದ ಯಂತ್ರ ಅದು. ಒಳಗೆ ಲಿನಕ್ಸ್. ತಂತ್ರಾಂಶ ಮಾತ್ರವಲ್ಲ, ಯಂತ್ರದ ವಿನ್ಯಾಸವನ್ನೂ ಅದಕ್ಕೆಂದೇ ಬರೆದ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದರು. 2004ರಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾರುಕಟ್ಟೆಗೆ ಬಂತು. ಹಳ್ಳಿಯ ಬಡವರಿಗೆಂದು ಹೊರಟ ಯಂತ್ರ ಹಳ್ಳಿ ಮುಟ್ಟಲಿಲ್ಲ. ಮೊಬೈಲ್ ಫೋನು ಮುಟ್ಟಿತು. ಆದರೆ ಸಿಂಪ್ಯೂಟರಿಗೆಂದು ರಮೇಶ್ ಹರಿಹರನ್ ಮತ್ತು ಸಂಗಡಿಗರು ಬರೆದ ‘ಧ್ವನಿ’ ಎಂಬ ಓದಿ ಹೇಳುವ ತಂತ್ರಾಂಶ ಜಿಪಿಎಲ್‌ನಲ್ಲಿತ್ತು. ಯಂತ್ರ ಹೋದ ಮೇಲೆ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಎತ್ತಿಕೊಂಡು ಬೆಳೆಸಿದರು. ಯಾರನ್ನೂ ಬೇಡಬೇಕಾಗಿರಲಿಲ್ಲ.

ದೊಡ್ಡಪ್ಪನ ಕಡತಕ್ಕೂ ದಾರಿ ಸಿಕ್ಕಿದ್ದು ಹೀಗೆಯೇ. ಅದನ್ನು ಟೈಪ್ ಮಾಡಿದ ತಂತ್ರಾಂಶ ಈಗ ಇಲ್ಲ, ಅದರ ಪಟ್ಟಿಯೂ ಸಿಗಲಿಲ್ಲ. ಬೆಳ್ತಂಗಡಿಯ ಸಹಪಾಠಿಗೆ ಫೋನು ಮಾಡಿದೆ. ‘ಪ್ರಿಂಟು ಉಂಟಲ್ಲ, ತೆಗೆದುಕೊಂಡು ಬಾ’ ಎಂದ. ಹಳೆಯ ಕನ್ನಡ ಕಡತಗಳನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕವೊಂದನ್ನು ಅರವಿಂದ ವಿ.ಕೆ. ಮುಕ್ತವಾಗಿ ಬರೆದಿಟ್ಟಿದ್ದಾರೆ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳನ್ನು ಮಾಡಿದವರೂ ಅವರೇ. ಆ ಪರಿವರ್ತಕದ ಪಟ್ಟಿ ನಮ್ಮ ಕಡತಕ್ಕೆ ಹೊಂದಲಿಲ್ಲ. ಆದರೆ ಒಳಗೆ ಕೈಯಾಡಿಸಲು ಅನುಮತಿ ಇತ್ತು. ಎರಡು ಭಾನುವಾರ ಅವನ ಮನೆಯ ಚಾವಡಿಯಲ್ಲಿ ಕೂತೆವು. ನಾನು ಪ್ರಿಂಟು ನೋಡಿ ಅಕ್ಷರ ಹೇಳುವುದು, ಅವನು ಪಟ್ಟಿ ತಿದ್ದುವುದು.

ಅತಿ ಕಾಡಿದ್ದು ಅರ್ಕಾವತ್ತು. ಹಳೆಯ ಕಡತಗಳಲ್ಲಿ ಅದು ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡಿನಲ್ಲಿ ಉಚ್ಚರಿಸುವ ಕ್ರಮ, ರಕಾರ ಮೊದಲು. ಅದನ್ನು ಹಿಂದಕ್ಕೆ ಸರಿಸದಿದ್ದರೆ ಕರ್ಣ ‘ಕಣರ್’ ಆಗುತ್ತಾನೆ, ಅರ್ಜುನ ‘ಅಜುರ್ನ’, ಧರ್ಮರಾಯ ‘ಧಮರ್ರಾಯ’. ಮೊದಲ ಸಲ ಹಾಗೆಯೇ ಬಂತು. ಇಬ್ಬರೂ ನಕ್ಕೆವು. ದೊಡ್ಡಪ್ಪ ಇದ್ದಿದ್ದರೆ ‘ಕವಚ ಹೋಯಿತು, ಈಗ ಹೆಸರೂ ಹೋಯಿತಾ?’ ಎನ್ನುತ್ತಿದ್ದರು. ಎರಡನೆಯ ಭಾನುವಾರ ಸಂಜೆ ಕರ್ಣ ತನ್ನ ಹೆಸರಿನೊಂದಿಗೆ ಪರದೆಗೆ ಬಂದ. ದೊಡ್ಡಪ್ಪನ ವಾಕ್ಯಗಳು, ಅವರು ಉಸಿರು ಎಳೆದುಕೊಳ್ಳುತ್ತಿದ್ದ ಜಾಗಗಳು ಕೂಡ ಇದ್ದವು.

ಎಲ್ಲವೂ ಸರಿಯಾಗಿಲ್ಲ. ಪ್ರಿಂಟಿನಲ್ಲಿ ಇಲ್ಲದ ಭಾಗದಲ್ಲಿ ಹನ್ನೊಂದು ಪುಟ ಇನ್ನೂ ಕೆಟ್ಟೇ ಇವೆ. ಅಲ್ಲಿ ಅಂಗಡಿಯವರು ಬೇರೆ ಫಾಂಟ್ ಬಳಸಿರಬೇಕು. ನಮ್ಮ ತಿದ್ದಿದ ಪಟ್ಟಿಯನ್ನು ಅದೇ ಪರವಾನಗಿಯಲ್ಲಿ ಇಟ್ಟಿದ್ದೇವೆ, ಇಂಥದೇ ಸಿಡಿ ಇರುವ ಇನ್ನೊಬ್ಬರಿಗೆ ಆಗಲೆಂದು.

2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನ 16ನೇ ಆವೃತ್ತಿ ಬಂತು. ಅದರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು. ಧರ್ಮಸ್ಥಳದ ಸಂಗ್ರಹದಲ್ಲಿರುವಂಥ ತಾಳೆಗರಿಗಳ ಲಿಪಿ ಇನ್ನು ಮುಂದೆ ಕಂಪ್ಯೂಟರಿಗೂ ಅರ್ಥವಾಗಬಹುದು. ಅದಕ್ಕೆ ಫಾಂಟ್‌ಗಳು ಬೇಕು, ಕೀಲಿಮಣೆಗಳು ಬೇಕು. ಮಾಡುವವರು ಉಚಿತವಾಗಿ ಕೊಡಬಹುದು, ಮಾರಬಹುದು. ಯಾವುದಕ್ಕೂ ನನ್ನ ತಕರಾರಿಲ್ಲ. ಅದರ ಜೊತೆ ಇರುವ ಪರವಾನಗಿಯ ಪುಟವನ್ನು ಮಾತ್ರ ಮೊದಲು ಓದುತ್ತೇನೆ.

ಬಿ.ಸಿ. ರೋಡಿನ ಅಣ್ಣ ಮೊನ್ನೆ ಸಿಕ್ಕಿದ್ದರು. ವಿಷಯವೆಲ್ಲ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, ‘ನನ್ನ ಹತ್ತಿರವೂ ಒಂದು ಪೆಟ್ಟಿಗೆ ತುಂಬ ಸಿಡಿ ಉಂಟು ಮಾರಾಯಾ, ಎಲ್ಲ ಊರಿನವರದ್ದು. ಬೆಳ್ತಂಗಡಿಗೆ ಯಾವಾಗ ಹೋಗುವುದು?’ ಎಂದರು.